ಮಾಸ್ಟರ್ ಚಿಪ್

ಪೀಣ್ಯದ ಸಣ್ಣ ಕಾರ್ಖಾನೆಯೊಂದಕ್ಕೆ ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಟೆಸ್ಟಿಂಗ್ ಟೇಬಲ್ಲಿನ ಮೇಲೆ ಮಲ್ಟಿಮೀಟರು, ಸೋಲ್ಡರಿಂಗ್ ಐರನ್ನುಗಳ ಪಕ್ಕದಲ್ಲಿ ಒಂದು ಕೆಂಪು ನೇಲ್ ಪಾಲಿಶ್ ಬಾಟಲಿಯೂ ಇರುತ್ತಿತ್ತು. ಖರ್ಚಿನ ಪುಸ್ತಕದಲ್ಲಿ ಅದನ್ನು ‘ಸೀಲಿಂಗ್ ಲ್ಯಾಕರ್’ ಎಂದು ಬರೆಯುತ್ತಿದ್ದರು. ತರುತ್ತಿದ್ದದ್ದು ಮಾತ್ರ ಪಕ್ಕದ ರಸ್ತೆಯ ಫ್ಯಾನ್ಸಿ ಸ್ಟೋರಿನಿಂದ. ಬೋರ್ಡಿನ ಮೇಲೆ ನೀಲಿ ಬಣ್ಣದ ಪುಟ್ಟ ಪ್ರಿಸೆಟ್, ಅದರ ತಲೆಯಲ್ಲಿ ಹಿತ್ತಾಳೆಯ ತಿರುಪು. ಗೊತ್ತಿರುವ ವೋಲ್ಟೇಜ್ ಕೊಟ್ಟು, ತಿರುಪನ್ನು ಅಷ್ಟಷ್ಟೇ ತಿರುಗಿಸುತ್ತ ಹೋಗಿ, ಡಿಸ್‌ಪ್ಲೇ ಸರಿಯಾದ ಅಂಕಿಗೆ ಬಂದ ಕೂಡಲೇ ಕೈ ತೆಗೆದು ತಿರುಪಿನ ಮೇಲೊಂದು ತೊಟ್ಟು ಪಾಲಿಶ್ ಬಿಟ್ಟರೆ ಆ ಬೋರ್ಡಿನ ಕ್ಯಾಲಿಬ್ರೇಶನ್ ಮುಗಿದ ಹಾಗೆ. ಎಷ್ಟೋ ವರ್ಷದ ಮೇಲೆ ರಿಪೇರಿಗೆ ಬಂದ ಪೆಟ್ಟಿಗೆಯ ಮುಚ್ಚಳ ತೆಗೆದರೆ ಮೊದಲು ನೋಡುತ್ತಿದ್ದದ್ದು ಆ ಕೆಂಪು ತೊಟ್ಟನ್ನೇ. ಅದು ಒಡೆದಿದ್ದರೆ ಊರಿನ ರೇಡಿಯೊ ರಿಪೇರಿಯವನು ಕೈಯಾಡಿಸಿದ್ದಾನೆ ಎಂದರ್ಥ.

ಒಂದೇ ಸರ್ಕ್ಯೂಟು, ಒಂದೇ ರೀಲಿನ ಬಿಡಿಭಾಗ, ಜೋಡಿಸಿದವರೂ ಒಬ್ಬರೇ. ಆದರೂ ಒಂದು ಬೋರ್ಡು 28 ಡಿಗ್ರಿ ಅಂದದ್ದನ್ನು ಮತ್ತೊಂದು 28.6 ಅನ್ನುತ್ತದೆ. ಇದು ಎಲೆಕ್ಟ್ರಾನಿಕ್ಸಿನ ನಿತ್ಯದ ಸತ್ಯ, ಯಾರೂ ಅದಕ್ಕೆ ಗೊಣಗುತ್ತಿರಲಿಲ್ಲ. ಪ್ರತಿ ಬೋರ್ಡಿಗೂ ಅದರದೇ ತಿದ್ದುಪಡಿ. ಒಂದು ಬೋರ್ಡಿನ ಪ್ರಿಸೆಟ್ ಯಾವ ಕೋನದಲ್ಲಿ ನಿಂತಿದೆಯೋ ಉಳಿದ ಇನ್ನೂರನ್ನೂ ಅದೇ ಕೋನಕ್ಕೆ ತಿರುಗಿಸಿ ಪಾಲಿಶ್ ಹಚ್ಚಿಬಿಡೋಣ ಎಂದು ಆ ಕಾರ್ಖಾನೆಯಲ್ಲಿ ಯಾರಾದರೂ ಹೇಳಿದ್ದರೆ ಟೀ ಹೊತ್ತಿಗೆ ಎಲ್ಲರೂ ನಗುತ್ತಿದ್ದರು. ನಾನು ಹೇಳಹೊರಟಿರುವುದು ಅದೇ ಕೆಲಸ ಯಾರೂ ನಗದೆ, ಯಾರ ಕಣ್ಣಿಗೂ ಬೀಳದೆ ನಡೆದುಹೋದ ಕತೆ.

2010ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನವರು ಲಾಂಚ್‌ಪ್ಯಾಡ್ ಎಂಬ ಕೆಂಪು ಬೋರ್ಡನ್ನು 4.30 ಡಾಲರಿಗೆ ಬಿಟ್ಟರು. ಅಷ್ಟು ಅಗ್ಗದಲ್ಲಿ ಪ್ರೋಗ್ರಾಮರ್ ಸಮೇತ ಮೈಕ್ರೊಕಂಟ್ರೋಲರ್ ಸಿಗುವುದೆಂದರೆ ನಂಬುವುದು ಕಷ್ಟ. ನಾನೂ ಒಂದು ತರಿಸಿದೆ. ಪೆಟ್ಟಿಗೆಯೊಳಗೆ ಬೋರ್ಡಿನ ಜೊತೆ ಅಕ್ಕಿಕಾಳಿಗಿಂತ ಸ್ವಲ್ಪ ಉದ್ದದ, ಬೆಳ್ಳಿ ಬಣ್ಣದ ಒಂದು ಗಡಿಯಾರದ ಕ್ರಿಸ್ಟಲ್ ಬಿಡಿಯಾಗಿತ್ತು. ಬೇಕಿದ್ದವರು ತಾವೇ ಬೆಸೆದುಕೊಳ್ಳಬೇಕು. ಬಹುಪಾಲು ಜನರ ಹಾಗೆ ನಾನೂ ಅದನ್ನು ಡ್ರಾಯರಿಗೆ ಎಸೆದೆ, ಯಾಕೆಂದರೆ ಚಿಪ್ ಒಳಗೇ ಕ್ಲಾಕ್ ಇತ್ತು.

ಈ ಒಳಗಿನ ಕ್ಲಾಕಿನ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಎಂಎಸ್‌ಪಿ430 ಜಾತಿಯ ಚಿಪ್‌ಗಳಲ್ಲಿ ಅದಕ್ಕೆ ಡಿಸಿಒ ಎನ್ನುತ್ತಾರೆ. ಕ್ರಿಸ್ಟಲಿನ ಹಾಗೆ ಕಲ್ಲಿನ ಕಂಪನ ಅಲ್ಲ, ಸಿಲಿಕಾನಿನಲ್ಲೇ ಕಟ್ಟಿದ ಆಸಿಲೇಟರು. 16 ಮೆಟ್ಟಿಲಿನ ದಪ್ಪ ಆಯ್ಕೆ ಒಂದು, ಪ್ರತಿ ಮೆಟ್ಟಿಲಿನೊಳಗೆ 8 ಸಣ್ಣ ಮೆಟ್ಟಿಲು, ಎರಡು ಸಣ್ಣ ಮೆಟ್ಟಿಲುಗಳ ನಡುವೆ ಇನ್ನೂ ನವಿರಾಗಿ ಬೆರೆಸಲು 32 ಹಂತ. ಸಣ್ಣ ಮೆಟ್ಟಿಲೊಂದು ಏರಿದರೆ ವೇಗ ಸುಮಾರು ಶೇ. 8 ಹೆಚ್ಚುತ್ತದೆ. ಎಡವಟ್ಟು ಇರುವುದು ಇಲ್ಲಿ: ಅದೇ ಮೆಟ್ಟಿಲಿನಲ್ಲಿ ನಿಂತ ಎರಡು ಚಿಪ್‌ಗಳು ಅದೇ ವೇಗದಲ್ಲಿ ಓಡುವುದಿಲ್ಲ. ನಾವು ಬಳಸಿದ ಜಿ2553ರ ಡೇಟಾಶೀಟಿನಲ್ಲೇ ಒಂದು ಸಾಲಿದೆ. 7ನೇ ದಪ್ಪ ಮೆಟ್ಟಿಲು, 3ನೇ ಸಣ್ಣ ಮೆಟ್ಟಿಲಿಗೆ ಇಟ್ಟರೆ ಚಿಪ್ಪಿನ ವೇಗ 0.8 ಮೆಗಾಹರ್ಟ್ಸಿನಿಂದ 1.5 ಮೆಗಾಹರ್ಟ್ಸ್‌ವರೆಗೆ ಎಲ್ಲಿಯಾದರೂ ಇರಬಹುದು. ಹೆಚ್ಚು ಕಡಿಮೆ ಇಮ್ಮಡಿ ವ್ಯತ್ಯಾಸ!

ಇಂಥ ಕ್ಲಾಕನ್ನು ನೆಚ್ಚಿ ಸೀರಿಯಲ್ ಲೈನಿನಲ್ಲಿ ಮಾತಾಡುವುದು ಹೇಗೆ? ಅದಕ್ಕೇ ಚಿಪ್ ತಯಾರಿಸುವ ಕಾರ್ಖಾನೆಯಲ್ಲಿ ಪ್ರತಿಯೊಂದು ಚಿಪ್ಪನ್ನೂ ಟೆಸ್ಟರ್ ಯಂತ್ರದ ಮೇಲೆ ಓಡಿಸಿ, ಈ ಚಿಪ್ ಸರಿಯಾಗಿ 1, 8, 12, 16 ಮೆಗಾಹರ್ಟ್ಸಿಗೆ ಬರಬೇಕಾದರೆ ಯಾವ ಯಾವ ಮೆಟ್ಟಿಲಿನಲ್ಲಿ ನಿಲ್ಲಿಸಬೇಕು ಎಂದು ಅಳೆದು, ಆ ಅಂಕಿಗಳನ್ನು ಅದೇ ಚಿಪ್ಪಿನ ಫ್ಲ್ಯಾಶಿನಲ್ಲಿ ಬರೆದು ಕಳಿಸುತ್ತಾರೆ. ಒಂದೊಂದು ವೇಗಕ್ಕೂ ಎರಡು ಬೈಟು. ಅದೇ ಸಾಲಿನಲ್ಲಿ ವೋಲ್ಟೇಜನ್ನು ಅಂಕಿಯಾಗಿಸುವ ಎಡಿಸಿಯ ಆಫ್‌ಸೆಟ್, ಗೇನ್, ಒಳಗಿನ ರೆಫರೆನ್ಸ್ ವೋಲ್ಟೇಜು ನಿಜಕ್ಕೂ ಎಷ್ಟಿದೆ, ಒಳಗಿನ ತಾಪಮಾನ ಸೆನ್ಸರು 30 ಮತ್ತು 85 ಡಿಗ್ರಿಯಲ್ಲಿ ಏನು ಓದುತ್ತದೆ ಎಂಬ ಲೆಕ್ಕವೂ ಇರುತ್ತದೆ. ಎಲ್ಲ ಸೇರಿ ಕೂರುವುದು ಸೆಗ್ಮೆಂಟ್ ‘ಎ’ ಎಂಬ 64 ಬೈಟಿನ ಜಾಗದಲ್ಲಿ. ಅಳೆಯುವುದಕ್ಕೆ ಟೆಸ್ಟರಿನ ಸಮಯ ಬೇಕು, ಸಮಯಕ್ಕೆ ದುಡ್ಡು ಬೇಕು. ಈ ಸಾಲಿನಲ್ಲಿ ಮೊದಲು ಬಂದ ತೀರಾ ಅಗ್ಗದ ಚಿಪ್‌ಗಳಲ್ಲಿ 1 ಮೆಗಾಹರ್ಟ್ಸಿನದೊಂದನ್ನೇ ಬರೆದು, ಉಳಿದ ಮೂರರ ಜಾಗವನ್ನು ಖಾಲಿ ಬಿಟ್ಟಿರುತ್ತಿದ್ದರು.

ಆ 64 ಬೈಟುಗಳಿಗೆ ನಕಲು ಇಲ್ಲ. ಪ್ರೋಗ್ರಾಮ್ ಕಳೆದುಹೋದರೆ ಕಂಪ್ಯೂಟರಿನಲ್ಲಿದೆ, ಪೆನ್‌ಡ್ರೈವಿನಲ್ಲಿದೆ, ಯಾರದೋ ಇಮೇಲಿನಲ್ಲಿದೆ. ಇದು ಆ ಚಿಪ್ಪಿನಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಫ್ಲ್ಯಾಶ್ ಎಂದರೆ ಆಕ್ಸೈಡಿನ ಗೋಡೆಗಳ ನಡುವೆ ಸಿಕ್ಕಿಸಿಟ್ಟ ಎಲೆಕ್ಟ್ರಾನುಗಳು. ಸಾಮಾನ್ಯ ತಾಪಮಾನದಲ್ಲಿ 100 ವರ್ಷ ಹಿಡಿದಿಡುತ್ತೇನೆ ಎಂದು ಡೇಟಾಶೀಟು ಭರವಸೆ ಕೊಡುತ್ತದೆ. ಅಳಿಸುವುದಕ್ಕೆ ಮಾತ್ರ 20 ಮಿಲಿಸೆಕೆಂಡೂ ಬೇಡ. ಅಳಿಸಿದರೆ ಎಲ್ಲ ಬಿಟ್ಟುಗಳೂ ‘ಒಂದು’ ಆಗಿ, ಪ್ರತಿ ಬೈಟೂ ಎಫ್ಎಫ್ ಆಗುತ್ತದೆ. ಹಾಗಾಗಬಾರದೆಂದು ಸೆಗ್ಮೆಂಟ್ ಎ ಮೇಲೆ ಒಂದು ಬೀಗದ ಬಿಟ್ ಇಟ್ಟಿದ್ದಾರೆ. ಆ ಬೀಗವೂ ವಿಚಿತ್ರ: ‘ಒಂದು’ ಬರೆದರೆ ತೆರೆಯುತ್ತದೆ, ಮತ್ತೆ ‘ಒಂದು’ ಬರೆದರೆ ಮುಚ್ಚುತ್ತದೆ, ಸೊನ್ನೆ ಬರೆದರೆ ಏನೂ ಆಗುವುದಿಲ್ಲ. ಕಂಪನಿಯ ಮಾದರಿ ಪ್ರೋಗ್ರಾಮುಗಳ ಮೊದಲ ಸಾಲುಗಳಲ್ಲೇ ಒಂದು ಕಾವಲು ಇರುತ್ತಿತ್ತು. ಕ್ಯಾಲಿಬ್ರೇಶನ್ ಬೈಟು ಎಫ್ಎಫ್ ಆಗಿದ್ದರೆ ಮುಂದೆ ಹೋಗಬೇಡ, ಅಲ್ಲೇ ಸುತ್ತುತ್ತಿರು ಎಂದು. ತಪ್ಪು ವೇಗದಲ್ಲಿ ಓಡುವುದಕ್ಕಿಂತ ಸತ್ತ ಹಾಗೆ ನಿಂತರೆ ಮೇಲು ಎಂಬ ತೀರ್ಮಾನ ಅದು. ನನಗದು ಮೆಚ್ಚುಗೆಯಾಗಿತ್ತು, ನಮ್ಮ ಪ್ರೋಗ್ರಾಮಿನಲ್ಲೂ ಹಾಗೇ ಉಳಿಸಿಕೊಂಡಿದ್ದೆ.

ನಮ್ಮ ಸಾಮಾನು ಏನೆಂದು ಹೇಳಲಿಲ್ಲ. ಚಾಕಿ ಕೇಂದ್ರಗಳಿಗೆ ಬೇಕಾದ ತಾಪಮಾನ–ತೇವಾಂಶದ ಕಂಟ್ರೋಲರ್. ರೇಷ್ಮೆ ಮೊಟ್ಟೆ ಒಡೆದು ಬಂದ ಹುಳುವನ್ನು ಎರಡನೇ ಜ್ವರದವರೆಗೆ, ಅಂದರೆ ಎರಡನೇ ಸಲ ಪೊರೆ ಕಳಚುವವರೆಗೆ, ಒಂದು ಕಡೆ ಸಾಕಿ ರೈತರಿಗೆ ಮಾರುವ ಕೇಂದ್ರಗಳು ಕನಕಪುರ, ರಾಮನಗರದ ಕಡೆ ಬಹಳ ಇವೆ. ಇರುವೆಯಷ್ಟೂ ಇಲ್ಲದ ಮರಿಹುಳುವಿಗೆ 27ರಿಂದ 28 ಡಿಗ್ರಿ ಬಿಸಿ, ಶೇ. 85ಕ್ಕೆ ಕಡಿಮೆಯಿಲ್ಲದ ತೇವ ಬೇಕು. ಬಿಸಿ ಕಮ್ಮಿಯಾದರೆ ಜ್ವರಕ್ಕೆ ಕೂರುವುದು ತಡ, ಎಲ್ಲ ಹುಳುವೂ ಒಟ್ಟಿಗೆ ಏಳುವುದಿಲ್ಲ, ತಟ್ಟೆಯಲ್ಲಿ ದೊಡ್ಡದು ಚಿಕ್ಕದು ಬೆರೆತು ರೈತ ಹುಳು ಒಯ್ಯಲು ಬಂದಾಗ ಜಗಳ. ನಮ್ಮ ಪೆಟ್ಟಿಗೆ ಸಾಕಣೆ ಕೋಣೆಯಲ್ಲಿ ಕೂತು ಹೀಟರನ್ನೂ ಹ್ಯುಮಿಡಿಫೈಯರನ್ನೂ ಆಡಿಸುತ್ತ, ಎರಡು ತಂತಿಯ ಮೇಲೆ ಮನೆಯೊಳಗಿನ ಡಿಸ್‌ಪ್ಲೇಗೆ ಅಂಕಿ ಕಳಿಸುತ್ತಿತ್ತು. ರಾತ್ರಿ ಎದ್ದು ಕೋಣೆಗೆ ಹೋಗುವುದು ತಪ್ಪುತ್ತದೆ ಎಂಬುದೇ ಅದರ ದೊಡ್ಡ ಆಕರ್ಷಣೆ.

ಮಾಲೀಕರು ಲೆಕ್ಕದ ಮನುಷ್ಯರು. ನಾನು ಡ್ರಾಯಿಂಗಿನಲ್ಲಿ ಕ್ರಿಸ್ಟಲ್ ತೋರಿಸಿದಾಗ, “ಒಳಗೇ ಕ್ಲಾಕ್ ಇದೆ ಅಂತ ನೀವೇ ಹೇಳ್ತೀರಿ, ಮತ್ತೆ ಇದ್ಯಾಕ್ರೀ?” ಎಂದು ಪೆನ್ಸಿಲಿನಲ್ಲಿ ಅಡ್ಡಗೆರೆ ಎಳೆದರು. ಅದರಲ್ಲಿ ತಪ್ಪೂ ಇರಲಿಲ್ಲ. ಕಾರ್ಖಾನೆಯ ಬೈಟುಗಳನ್ನು ಬಳಸಿದರೆ 0ಯಿಂದ 85 ಡಿಗ್ರಿವರೆಗೆ ಶೇ. 3ರೊಳಗೆ ನಿಲ್ಲುತ್ತದೆ ಎಂದು ಡೇಟಾಶೀಟು ಹೇಳುತ್ತಿತ್ತು, ಸೀರಿಯಲ್ ಲೈನಿಗೆ ಅದು ಸಾಕು. ಎಡಿಸಿಗೂ ಹೊರಗಿನ ರೆಫರೆನ್ಸ್ ಹಾಕಲಿಲ್ಲ. ಒಳಗಿನ 1.5 ವೋಲ್ಟಿನ ರೆಫರೆನ್ಸು 1.41ರಿಂದ 1.59ರವರೆಗೆ ಎಲ್ಲಾದರೂ ಇರಬಹುದಾದರೂ, ಈ ಚಿಪ್ಪಿನಲ್ಲಿ ಅದು ಎಷ್ಟು ಎಂಬುದು ಸೆಗ್ಮೆಂಟ್ ಎ ಒಳಗೆ ಬರೆದೇ ಇದೆಯಲ್ಲ. ಪ್ರಿಸೆಟ್ ಹೋಯಿತು, ನೇಲ್ ಪಾಲಿಶ್ ಹೋಯಿತು. ಅಸೆಂಬ್ಲಿಯ ಹೆಣ್ಣುಮಕ್ಕಳಿಗೆ ಒಂದು ಕೆಲಸ ಕಮ್ಮಿಯಾಯಿತು.

ಮೊದಲ ಲಾಟ್ ಚೆನ್ನಾಗಿ ಹೋಯಿತು. ಎರಡನೆಯದೂ ಹೋಯಿತು. ಮುಂದಿನದರಿಂದ ಫೋನು ಶುರು.

ಕನಕಪುರದ ಕಡೆಯ ಒಂದು ಕೇಂದ್ರದಿಂದ ಮೊದಲ ದೂರು. ಗೋಡೆಗೆ ಒಣ–ಒದ್ದೆ ಥರ್ಮಾಮೀಟರು ತೂಗುಹಾಕಿದ್ದರು. ಅಕ್ಕಪಕ್ಕ ಎರಡು ಗಾಜಿನ ಕೊಳವೆ, ಒಂದರ ಬುಡಕ್ಕೆ ಬಿಳಿ ಬತ್ತಿ ಸುತ್ತಿ ಅದರ ತುದಿಯನ್ನು ಪುಟ್ಟ ನೀರಿನ ಡಬ್ಬಿಯಲ್ಲಿ ಇಳಿಬಿಟ್ಟಿದ್ದರು. ಬತ್ತಿ ಹೊಸದಾಗಿತ್ತು, ನೀರು ತಿಳಿಯಾಗಿತ್ತು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಬತ್ತಿ ಕೊಳೆಯಾಗಿ ನೀರು ಒಣಗಿದ್ದರೆ ಆ ಮೀಟರಿನ ಮಾತನ್ನು ನಾವು ತಳ್ಳಿಹಾಕಿ ಬಂದುಬಿಡುತ್ತಿದ್ದೆವು. ಅಷ್ಟು ಅಚ್ಚುಕಟ್ಟಾಗಿ ಇಟ್ಟುಕೊಂಡವರ ಮಾತಿಗೆ ಬೆಲೆ ಕೊಡಲೇಬೇಕಾಯಿತು. ಮನೆಯ ಯಜಮಾನರು ಒಣ ಕೊಳವೆಯ ಮುಂದೆ ಬೆರಳಿಟ್ಟು, “ಇದು ಇಪ್ಪತ್ತೆಂಟು ಅಂತೈತೆ. ನಿಮ್ದು ಇಪ್ಪತ್ತೇಳು ಅಂತೈತೆ. ನಾನು ಯಾರ ಮಾತು ಕೇಳ್ಲಿ ಸಾರ್?” ಎಂದರು. ಪೆಟ್ಟಿಗೆಯ ಮೇಲೆ ಅವರಾಗಲೇ ಮಾರ್ಕರಿನಲ್ಲಿ ‘1 ಕಮ್ಮಿ ಇಡಬೇಕು’ ಎಂದು ದಪ್ಪಗೆ ಬರೆದುಕೊಂಡಿದ್ದರು. ಅವರ ಕ್ಯಾಲಿಬ್ರೇಶನ್ ಮುಗಿದಿತ್ತು.

ಇನ್ನೊಂದು ಬಗೆಯ ದೂರು ಬೇರೆಯದೇ ರೂಪದಲ್ಲಿ ಬಂತು. ಬೆಳಗಿನ ಹೊತ್ತು ಡಿಸ್‌ಪ್ಲೇ ಸರಿ ಇರುತ್ತದೆ, ಮಧ್ಯಾಹ್ನ ಗೆರೆ ಗೆರೆ ತೋರಿಸುತ್ತದೆ. ಮಾಲೀಕರು ತಂತಿ ಎಳೆದವರನ್ನು ಬೈದರು. ತಂತಿ ಬದಲಾಯಿತು, ಗೆರೆ ಹೋಗಲಿಲ್ಲ. ವಾಪಸ್ ಬಂದ ಒಂದು ಜೋಡಿಯನ್ನು ಟೇಬಲ್ ಮೇಲಿಟ್ಟು ತಂತಿಯ ಮೇಲೆ ಹೋಗುತ್ತಿದ್ದ ಬೈಟುಗಳನ್ನು ಕಂಪ್ಯೂಟರಿನಲ್ಲಿ ನೋಡಿದೆ. ‘2’ ಎಂಬ ಅಕ್ಷರಕ್ಕೆ ಹೆಕ್ಸ್ ಲೆಕ್ಕದಲ್ಲಿ 32 ಬರಬೇಕು, ಬಿ2 ಬರುತ್ತಿತ್ತು. ‘7’ಕ್ಕೆ 37 ಬರಬೇಕು, ಬಿ7 ಬರುತ್ತಿತ್ತು. ಅಂದರೆ ಕೆಳಗಿನ ಏಳು ಬಿಟ್ಟುಗಳು ಸರಿಯಾಗಿವೆ, ಎಂಟನೆಯದು ಮಾತ್ರ ಸೊನ್ನೆಯ ಬದಲು ಒಂದು. ಕೆಟ್ಟ ತಂತಿ ಇಷ್ಟು ಶಿಸ್ತಾಗಿ ಹಾಳುಮಾಡುವುದಿಲ್ಲ.

ಸೀರಿಯಲ್ ಲೈನಿನಲ್ಲಿ ಒಂದು ಅಕ್ಷರಕ್ಕೆ ಹತ್ತು ಬಿಟ್: ಮೊದಲಲ್ಲಿ ಸ್ಟಾರ್ಟ್, ನಡುವೆ ಎಂಟು, ಕೊನೆಗೆ ಸ್ಟಾಪ್. ಕೇಳುವವನು ಸ್ಟಾರ್ಟ್ ಬಿದ್ದ ಕ್ಷಣದಿಂದ ತನ್ನ ಗಡಿಯಾರ ಹಿಡಿದು ಪ್ರತಿ ಬಿಟ್ಟಿನ ನಟ್ಟನಡುವೆ ಇಣುಕುತ್ತಾನೆ. ಎಂಟನೆಯದನ್ನು ನೋಡುವುದು ಎಂಟೂವರೆ ಬಿಟ್ ಕಳೆದ ಮೇಲೆ. ಕಳಿಸುವವನು ಶೇ. 6ರಷ್ಟು ಅವಸರದವನಾದರೆ ಅಷ್ಟು ಹೊತ್ತಿಗೆ ಅವನು ಒಂಬತ್ತು ದಾಟಿ ಸ್ಟಾಪ್ ಬಿಟ್ಟಿಗೆ ಹೋಗಿರುತ್ತಾನೆ, ಸ್ಟಾಪ್ ಯಾವಾಗಲೂ ಒಂದು. ನಮ್ಮ ಅಕ್ಷರಗಳ ನಡುವೆ ಸ್ವಲ್ಪ ಬಿಡುವು ಇದ್ದುದರಿಂದ ಫ್ರೇಮಿಂಗ್ ಎರರ್ ಕೂಡ ಬರದೆ ತಪ್ಪು ಅಕ್ಷರ ಸಲೀಸಾಗಿ ಒಳಗೆ ಬರುತ್ತಿತ್ತು. ಡಿಸ್‌ಪ್ಲೇ ಕಡೆ ಕ್ರಿಸ್ಟಲ್ ಇತ್ತು, ಹಾಗಾಗಿ ಅವಸರ ನಮ್ಮ ಕಂಟ್ರೋಲರಿನದೇ. ಬೆಳಿಗ್ಗೆ ಗಡಿಯ ಈಚೆಗೆ ಇದ್ದದ್ದು ಬಿಸಿಲೇರಿದಾಗ ಆಚೆಗೆ ಜಾರುತ್ತಿತ್ತು. ಶೇ. 3ರೊಳಗೆ ಇರಬೇಕಾದ ಕ್ಲಾಕು ಶೇ. 6 ಓಡುತ್ತಿದೆ, ಅದೂ ಕಾವಲಿನ ಸಾಲನ್ನು ದಾಟಿ. ಬೈಟುಗಳು ಎಫ್ಎಫ್ ಆಗಿಲ್ಲ ಎಂದಾಯಿತು. ಇನ್ನೇನು ಆಗಿರಬಹುದು?

ದಾರಿ ತೋರಿಸಿದವರು ನಮ್ಮ ಹಿರಿಯ ಟೆಕ್ನಿಷಿಯನ್. ಎಲ್ಲರೂ ಅವರನ್ನು ಮೇಷ್ಟ್ರೇ ಎನ್ನುತ್ತಿದ್ದೆವು, ಪಾಠ ಮಾಡಿದವರೇನಲ್ಲ. ಎಂಎಸ್‌ಪಿ430 ಅವರಿಗೆ ಅಷ್ಟು ಗೊತ್ತಿರಲಿಲ್ಲ, ಪಿಕ್ ಚಿಪ್‌ಗಳ ಕಾಲದವರು. ಪಿಕ್12ಎಫ್675 ಎಂಬ ಎಂಟು ಕಾಲಿನ ಚಿಪ್ಪಿನಲ್ಲಿ ಪ್ರೋಗ್ರಾಮಿಗೆ ಇರುವುದು 1024 ಜಾಗ. ಅದರ ಕಟ್ಟಕಡೆಯ ಜಾಗದಲ್ಲಿ ಆಸಿಲೇಟರಿನ ತಿದ್ದುಪಡಿಯನ್ನು ಕಾರ್ಖಾನೆಯವರು ಒಂದು ಆಜ್ಞೆಯ ರೂಪದಲ್ಲಿ ಬರೆದಿರುತ್ತಾರೆ. ಪ್ರೋಗ್ರಾಮ್ ಶುರುವಾದ ಕೂಡಲೇ ಅಲ್ಲಿಗೆ ಕರೆ ಹೋದರೆ, ಅದು ಆ ಚಿಪ್ಪಿನ ಅಂಕಿಯನ್ನು ಹೊತ್ತು ವಾಪಸ್ ಬರುತ್ತದೆ. ಬೀಗ ಗೀಗ ಏನೂ ಇಲ್ಲ. ಪ್ರೋಗ್ರಾಮರಿನಲ್ಲಿ ಯಾರೋ ಎಲ್ಲವನ್ನೂ ಅಳಿಸಿದರೆ ‘ವಾಪಸ್ ಬಾ’ ಎಂಬ ಆಜ್ಞೆಯೇ ಹೋಗಿ ಅಲ್ಲಿ ಬೇರೆ ಆಜ್ಞೆ ಕೂರುತ್ತದೆ. ಕರೆ ಹೋದದ್ದು ಹಿಂದೆ ಬರುವುದಿಲ್ಲ, ಕೊನೆಯ ಜಾಗ ದಾಟಿ ಮತ್ತೆ ಸೊನ್ನೆಗೇ ಬಂದು ಬೀಳುತ್ತದೆ, ಮತ್ತೆ ಕರೆ, ಮತ್ತೆ ಸೊನ್ನೆ. ಹೊರಗಿನಿಂದ ನೋಡಿದರೆ ಚಿಪ್ ಸತ್ತಿದೆ. ಒಳಗೆ ಬಿಡುವಿಲ್ಲದ ಓಟ. ಇಂಥ ಎಷ್ಟೋ ಚಿಪ್‌ಗಳನ್ನು ಕೆಟ್ಟದ್ದೆಂದು ಕಸಕ್ಕೆ ಹಾಕಿದ ಕಾಲ ಅದು. ಮೇಷ್ಟ್ರು ಚಿಪ್ ಕೈಗೆ ಬಂದ ಕೂಡಲೇ ಕೊನೆಯ ಜಾಗವನ್ನು ಓದಿ, ಆ ನಾಲ್ಕು ಅಂಕಿಯನ್ನು ಚಿಕ್ಕ ಸ್ಟಿಕ್ಕರಿನಲ್ಲಿ ಬರೆದು ಚಿಪ್ಪಿನ ಹೊಟ್ಟೆಗೆ ಅಂಟಿಸುತ್ತಿದ್ದರು. ಎಲ್ಲವೂ 34ರಿಂದ ಶುರುವಾಗುತ್ತಿದ್ದವು, ಮುಂದಿನೆರಡು ಅಂಕಿ ಒಂದೊಂದಕ್ಕೆ ಒಂದೊಂದು.

“ಎರಡು ಬೋರ್ಡಿಂದು ತೆಗೆದು ಪಕ್ಕಪಕ್ಕ ಇಡಪ್ಪ ನೋಡೋಣ” ಎಂದರು.

ಸೆಗ್ಮೆಂಟ್ ಎ ಓದಿ ಎರಡು ಹಾಳೆಯಲ್ಲಿ ಪ್ರಿಂಟ್ ತೆಗೆದೆ. ಒಂದು ಹಾಳೆಯಲ್ಲಿ ನಾಲ್ಕು ಸಾಲು, ಸಾಲಿಗೆ 16 ಬೈಟು. ದಪ್ಪ ಮೆಟ್ಟಿಲಿನ ಬೈಟುಗಳು ಒಂದೇ ಆಗಿರುವುದು ಸಹಜ. ಸಣ್ಣ ಮೆಟ್ಟಿಲಿನವು ಬೇರೆಯಾಗಿರಬೇಕಿತ್ತು, ಆಗಿರಲಿಲ್ಲ. ಎಡಿಸಿಯ ಸಾಲಿಗೆ ಬಂದೆ, ಅದೂ ಒಂದೇ. ರೆಫರೆನ್ಸಿನ ಬೈಟೂ ಒಂದೇ. 30 ಡಿಗ್ರಿಯ ಓದೂ ಒಂದೇ, 85ರದೂ ಒಂದೇ. ಎರಡು ಹಾಳೆಯನ್ನು ಒಂದರ ಮೇಲೊಂದಿಟ್ಟು ಕಿಟಕಿಗೆ ಹಿಡಿದರೆ ಒಂದೇ ಹಾಳೆಯ ಹಾಗೆ ಕಾಣುತ್ತಿತ್ತು. ಮೂರನೆಯ ಬೋರ್ಡು ತೆಗೆದೆ, ಹಾಗೇ. ಮೊದಲ ಲಾಟಿನ ಒಂದು ಹಳೆಯ ಬೋರ್ಡಿನಲ್ಲಿಯೂ ಅದೇ ಸಾಲುಗಳು. ಕೊನೆಗೆ ಎಸ್‌ಪಿ ರೋಡಿನಿಂದ ತಂದು ಟ್ಯೂಬಿನಲ್ಲೇ ಇದ್ದ, ಇನ್ನೂ ಮುಟ್ಟದ ಚಿಪ್ಪೊಂದನ್ನು ಓದಿದಾಗ ಮಾತ್ರ ಬೇರೆ ಅಂಕಿಗಳು ಬಂದವು.

ಚೆಕ್‌ಸಮ್ ಎಲ್ಲದರಲ್ಲೂ ಸರಿಯಾಗಿತ್ತು ಎಂಬುದು ನನಗೆ ಎಲ್ಲಕ್ಕಿಂತ ಚುರುಕು ಮುಟ್ಟಿಸಿದ ಸಂಗತಿ. ಸೆಗ್ಮೆಂಟ್ ಎ ಯ ಮೊದಲೆರಡು ಬೈಟುಗಳು ಉಳಿದ 62ರ ಚೆಕ್‌ಸಮ್. ಒಂದು ಬಿಟ್ ಹಾಳಾದರೂ ಅದು ಹಿಡಿದುಕೊಡುತ್ತದೆ. ಇಲ್ಲಿ ಒಂದು ಬಿಟ್ಟೂ ಹಾಳಾಗಿರಲಿಲ್ಲ. ಅಂಕಿಗಳೆಲ್ಲ ಕಾರ್ಖಾನೆಯವರೇ ಬರೆದ ಅಪ್ಪಟ ಅಂಕಿಗಳು, ಚಿಪ್ಪು ಮಾತ್ರ ಬೇರೆಯದು.

ಆದದ್ದು ಇಷ್ಟು. ಕೈಯಲ್ಲಿ ಒಂದೊಂದೇ ಪ್ರೋಗ್ರಾಮ್ ಮಾಡುವುದು ತಡವಾಗುತ್ತದೆ ಎಂದು ಮಾಲೀಕರು ಆ ಕೆಲಸವನ್ನು ಹೊರಗೆ ಜಾಬ್‌ವರ್ಕಿಗೆ ಕೊಟ್ಟಿದ್ದರು. ಒಂದೇ ಸಲಕ್ಕೆ ಹಲವು ಚಿಪ್‌ಗಳಿಗೆ ತುಂಬುವ ಯಂತ್ರ ಅವರಲ್ಲಿತ್ತು. ಫೈಲ್ ಕೊಡಿ ಎಂದು ಅವರು ಕೇಳಲಿಲ್ಲ, ‘ಮಾಸ್ಟರ್’ ಕೇಳಿದರು. ಆ ವ್ಯಾಪಾರದಲ್ಲಿ ಹಿಂದಿನಿಂದ ನಡೆದುಬಂದ ಪದ್ಧತಿ ಅದು. ಕೆಲಸ ಮಾಡುತ್ತಿರುವ ಒಂದು ಚಿಪ್ ಕೊಟ್ಟರೆ ಅದನ್ನು ಓದಿಕೊಂಡು ಉಳಿದದ್ದಕ್ಕೆಲ್ಲ ತುಂಬುತ್ತಾರೆ. ಬರೀ ಪ್ರೋಗ್ರಾಮ್ ಇರುವ ಎಪ್ರಾಮ್ ಕಾಲದಲ್ಲಿ ಅದರಿಂದ ಒಂದು ಕೂದಲೂ ಕೊಂಕುತ್ತಿರಲಿಲ್ಲ. ಯಂತ್ರದ ಪರದೆಯಲ್ಲಿ ‘ಎಲ್ಲ ಮೆಮೊರಿ’ ಎಂಬ ಚೌಕಕ್ಕೆ ಟಿಕ್ ಬಿದ್ದಿತ್ತು, ಬೀಗ ಹಾಕಿದ ಭಾಗಕ್ಕೂ ಬರೆಯಲು ಅನುಮತಿಯ ಇನ್ನೊಂದು ಚೌಕಕ್ಕೂ ಬಿದ್ದಿತ್ತು. ವೆರಿಫೈ ಮಾಡುವಾಗ ‘ಫೇಲ್’ ಬರುತ್ತಿತ್ತಂತೆ, ಈ ಎರಡು ಟಿಕ್ ಹಾಕಿದ ಮೇಲೆ ನಿಂತಿತಂತೆ. ಅಲ್ಲಿ ಕೂತಿದ್ದ ಹುಡುಗ ಇದನ್ನು ಹೇಳುವಾಗ ಅವನ ದನಿಯಲ್ಲಿ ಸಮಸ್ಯೆ ಬಗೆಹರಿಸಿದವನ ಖುಷಿಯಿತ್ತು. ಅವನನ್ನು ಏನೆಂದು ಬೈಯುವುದು? ಯಂತ್ರ ನಕಲು ಮೂಲದಂತೆ ಇಲ್ಲ ಎಂದು ದೂರಿತು, ಅವನು ಮೂಲದಂತೆಯೇ ಮಾಡಿಕೊಟ್ಟ.

ಹಾಗಾದರೆ ಮೊದಲ ಲಾಟ್‌ಗಳು ಹೇಗೆ ನಡೆದವು? ಒಂದೇ ವೇಫರಿನಿಂದ, ಒಂದೇ ತಂಡದಲ್ಲಿ ಬಂದ ಚಿಪ್‌ಗಳ ಸ್ವಭಾವ ಹೆಚ್ಚು ಕಡಿಮೆ ಹತ್ತಿರ ಹತ್ತಿರ ಇರುತ್ತದೆ. ಮಾಸ್ಟರಿನ ಜೊತೆಗೇ ಬಂದ ಚಿಪ್‌ಗಳಿಗೆ ಅದರ ಅಂಕಿಗಳು ಸುಮಾರಾಗಿ ಹೊಂದಿಕೊಂಡವು. ಬೇರೆ ತಂಡದ ಚಿಪ್‌ಗಳು ಬಂದಾಗ ಹೊಂದಲಿಲ್ಲ. ಕೆಲವಕ್ಕೆ ಕ್ಲಾಕ್ ಎಡವಿತು, ಕೆಲವಕ್ಕೆ ರೆಫರೆನ್ಸ್, ಕೆಲವಕ್ಕೆ ಎರಡೂ. ಕನಕಪುರದ ಒಂದು ಡಿಗ್ರಿಯೂ ಬಿ2ವೂ ಒಂದೇ ತಾಯಿಯ ಮಕ್ಕಳೆಂದು ತಿಳಿದದ್ದು ಆವಾಗ.

ಅಸೆಂಬ್ಲಿಯಲ್ಲಿ ಎಲ್ಲರಿಗಿಂತ ಹಳಬರಾದ ಅಕ್ಕ ಒಬ್ಬರಿದ್ದರು, ಪ್ರಿಸೆಟ್ ಕಾಲದಲ್ಲಿ ಪಾಲಿಶ್ ಹಚ್ಚುತ್ತಿದ್ದವರು ಅವರೇ. ಊಟದ ಹೊತ್ತಿನಲ್ಲಿ ಮೇಷ್ಟ್ರು ಇದನ್ನೆಲ್ಲ ವಿವರಿಸಿದಾಗ ಅವರು ಡಬ್ಬಿ ಮುಚ್ಚುತ್ತ, “ಒಬ್ಬರ ಕನ್ನಡಕ ಊರೋರಿಗೆಲ್ಲ ಹಾಕ್ದಂಗಾಯ್ತು ಬಿಡಿ” ಎಂದರು. ಆಮೇಲೆ ನಾನು ಎಷ್ಟೋ ಎಂಜಿನಿಯರಿಂಗ್ ಹುಡುಗರಿಗೆ ಈ ವಿಷಯ ಹೇಳಿಕೊಟ್ಟಿದ್ದೇನೆ. ಅದಕ್ಕಿಂತ ಚೆನ್ನಾಗಿ ಹೇಳಲು ಬಂದಿಲ್ಲ.

ಸರಿಪಡಿಸುವ ಕೆಲಸ ಶುರುವಾಯಿತು. ಕ್ಲಾಕಿನದು ಸುಲಭ. ಕಂಪನಿಯವರ ಮಾದರಿ ಪ್ರೋಗ್ರಾಮೇ ಇತ್ತು: ಗಡಿಯಾರದ ಕ್ರಿಸ್ಟಲಿನ 32768ನ್ನು ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ 4096 ಬಡಿತ. ಅಂಥ ಒಂದು ಬಡಿತದೊಳಗೆ ಒಳಗಿನ ಕ್ಲಾಕ್ ಎಷ್ಟು ಸಲ ಮಿಡಿಯಿತು ಎಂದು ಎಣಿಸಿ, 1953 ಬರುವವರೆಗೆ ಮೆಟ್ಟಿಲನ್ನು ಏರಿಸಿ ಇಳಿಸುವುದು. 1953ನ್ನು 4096ರಿಂದ ಗುಣಿಸಿ ನೋಡಿ, 79,99,488. ಎಂಬತ್ತು ಲಕ್ಷಕ್ಕೆ 512 ಮಾತ್ರ ಕಮ್ಮಿ. 8 ಮೆಗಾಹರ್ಟ್ಸಿಗೆ ಇದಕ್ಕಿಂತ ಹತ್ತಿರ ನಮಗೇನೂ ಬೇಕಿರಲಿಲ್ಲ. ಬೋರ್ಡಿನಲ್ಲಿ ಕ್ರಿಸ್ಟಲ್ ಇಲ್ಲವಾದ್ದರಿಂದ ಮೇಷ್ಟ್ರು ಮರದ ಹಲಗೆಗೆ ಸ್ಪ್ರಿಂಗ್ ಪಿನ್ನುಗಳನ್ನು ಕೂರಿಸಿ ಒಂದು ಜಿಗ್ ಮಾಡಿದರು. ಬೋರ್ಡನ್ನು ಒತ್ತಿ ಹಿಡಿದರೆ ಪಿನ್ನುಗಳು ಕ್ರಿಸ್ಟಲಿನ ಖಾಲಿ ಕಾಲುಗಳಿಗೆ ತಾಗಿ ಹೊರಗಿನಿಂದ 32768 ಬಡಿತ ಒಳಗೆ ಹೋಗುತ್ತಿತ್ತು. ಆ ಬಡಿತದ ಮೂಲ, ನಾನು ಡ್ರಾಯರಿಗೆ ಎಸೆದಿದ್ದಂಥ ಕ್ರಿಸ್ಟಲೇ.

ಎಡಿಸಿಯದು ಬೆವರಿಳಿಸಿತು. ಒಳಗಿನ ರೆಫರೆನ್ಸನ್ನು ಚಿಪ್ಪಿನ ಒಂದು ಕಾಲಿಗೆ ಹೊರತಂದು, ಒಳ್ಳೆಯ ಬೆಂಚ್ ಮೀಟರಿನಲ್ಲಿ ಅಳೆದು, ಅದು 1.5ರ ಎಷ್ಟು ಪಾಲೋ ಅದನ್ನು 32768ರಿಂದ ಗುಣಿಸಿ ಬರೆಯಬೇಕು. ಮತ್ತೆ ಅದೇ ಸಂಖ್ಯೆ, ಎರಡರ ಹದಿನೈದನೇ ಘಾತ. ಗಡಿಯಾರದವರಿಗೂ ಎಡಿಸಿಯವರಿಗೂ ಅದು ಅನುಕೂಲವಾದದ್ದು ಬೇರೆ ಬೇರೆ ಕಾರಣಕ್ಕೆ, ಆದರೆ ಆ ವಾರಗಳಲ್ಲಿ ನನಗೆ ಕನಸಿನಲ್ಲೂ ಅದೇ ಬರುತ್ತಿತ್ತು. ಇನ್ನು ಮೀಟರು ಸರಿ ಇದೆಯೆಂದು ಯಾರು ಹೇಳಬೇಕು? ಅದನ್ನು ಎನ್‌ಎಬಿಎಲ್ ಮಾನ್ಯತೆಯ ಲ್ಯಾಬಿಗೆ ಕಳಿಸಿದೆವು. ಅವರ ಮೀಟರನ್ನು ಇನ್ನೊಂದು ಮೇಲಿನ ಲ್ಯಾಬು ನೋಡಿರುತ್ತದೆ, ಹಾಗೇ ಏರುತ್ತ ಹೋದರೆ ಸರಪಳಿ ನಿಲ್ಲುವುದು ದೇಶದ ವೋಲ್ಟು ಇಟ್ಟುಕೊಂಡಿರುವ ದೆಹಲಿಯ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಯಲ್ಲಿ. ಮಾಲೀಕರು ಬಿಲ್ ನೋಡಿ, “ಕ್ರಿಸ್ಟಲ್ಲೇ ಹಾಕ್ಬೋದಿತ್ತು” ಎಂದರು. ಅವರಿಗೆ ನಗು ಬರಲಿಲ್ಲ, ನಾವೂ ನಗಲಿಲ್ಲ.

30 ಮತ್ತು 85 ಡಿಗ್ರಿಯ ಓದುಗಳು ಮಾತ್ರ ವಾಪಸ್ ಬರಲಿಲ್ಲ. ಅದಕ್ಕೆ ಪ್ರತಿ ಚಿಪ್ಪನ್ನೂ ಒಲೆಯಲ್ಲಿಟ್ಟು ಕಾಯಬೇಕು. ನಮ್ಮ ಪೆಟ್ಟಿಗೆಗೆ ಒಳಗಿನ ಸೆನ್ಸರು ಬೇಕಿಲ್ಲದ್ದರಿಂದ ಆ ಜಾಗವನ್ನು ಎಫ್ಎಫ್ ಮಾಡಿ ಬಿಟ್ಟೆವು. ಸುಳ್ಳು ಅಂಕಿ ಇರುವುದಕ್ಕಿಂತ ಖಾಲಿ ಇರಲಿ ಎಂದು ಮೇಷ್ಟ್ರು ಹಟ ಹಿಡಿದರು.

ಈಚಿನ ಚಿಪ್‌ಗಳಲ್ಲಿ ಈ ತಾಪತ್ರಯ ಬಹುಮಟ್ಟಿಗೆ ಇಲ್ಲ. ಎಸ್‌ಟಿಎಂ32 ಜಾತಿಯವುಗಳಲ್ಲಿ ಇಂಥ ಅಂಕಿಗಳನ್ನು ಬಳಕೆದಾರ ಅಳಿಸಲಾಗದ ಸಿಸ್ಟಂ ಮೆಮೊರಿಯಲ್ಲಿ ಇಟ್ಟಿರುತ್ತಾರೆ. ಟಿಕ್ ಹಾಕಿದರೂ ಬರೆಯಲಾಗುವುದಿಲ್ಲ. ಬರೆಯಲಾಗದಿದ್ದರೂ ಓದದೆ ಇರಬಹುದಲ್ಲ! ಕಳೆದ ಕೆಲವು ವರ್ಷಗಳಲ್ಲಿ ನನ್ನ ಕಣ್ಣಿಗೆ ಬಿದ್ದ ಕೋಡಿನಲ್ಲಿ ಅರ್ಧಕ್ಕರ್ಧ ಆ ಅಂಕಿಯನ್ನು ಓದುವ ಗೋಜಿಗೇ ಹೋಗಿರುವುದಿಲ್ಲ. ಡೇಟಾಶೀಟಿನ ‘ಸಾಮಾನ್ಯ ಬೆಲೆ’ಯನ್ನು ತಂದು ನೇರವಾಗಿ ಟೈಪ್ ಮಾಡಿರುತ್ತಾರೆ. ಟೇಬಲ್ಲಿನ ಮೇಲಿನ ಒಂದು ಬೋರ್ಡಿನಲ್ಲಿ ಸರಿಯಾಗಿ ಕಂಡರೆ ಕೆಲಸ ಮುಗಿಯಿತು. ಕೋಡ್ ಎಲ್ಲ ಕಡೆ ಒಂದೇ ಆಗಿರುವುದು ಅಭ್ಯಾಸವಾಗಿ ಸಾಮಾನೂ ಹಾಗೇ ಇರುತ್ತದೆಂದು ನಂಬಿಬಿಟ್ಟಿದ್ದೇವೆ ಅನಿಸುತ್ತದೆ. ನಮ್ಮ ಜಾಬ್‌ವರ್ಕಿನ ಹುಡುಗನದಾದರೂ ಪದ್ಧತಿಯ ತಪ್ಪು. ಇದನ್ನು ಸೋಮಾರಿತನ ಎಂದೇ ಕರೆಯುತ್ತೇನೆ.

ಕನಕಪುರದ ಪೆಟ್ಟಿಗೆಯನ್ನು ಸರಿಮಾಡಿ ನಾನೇ ಒಯ್ದು ಕೂರಿಸಿ ಬಂದೆ. ಗೋಡೆಯ ಒಣ ಕೊಳವೆಯೂ ನಮ್ಮ ಡಿಸ್‌ಪ್ಲೇಯೂ ಒಂದೇ ಅಂಕಿ ಹೇಳುವವರೆಗೆ ಕೋಣೆಯಲ್ಲೇ ನಿಂತಿದ್ದೆ. ಯಜಮಾನರು ಮನೆಯಲ್ಲಿರಲಿಲ್ಲ. ಅವರ ಮಗನಿಗೆ ಎಲ್ಲ ವಿವರಿಸಿ, ಮಜ್ಜಿಗೆ ಕುಡಿದು ಬಸ್ ಹತ್ತಿದೆ. ಮುಂದಿನ ಬೆಳೆಯ ಹೊತ್ತಿಗೆ ಅವರದೇ ಫೋನು.

“ಏನ್ ಸಾರ್, ರಿಪೇರಿ ಮಾಡಿ ಕೆಡಿಸ್ಬಿಟ್ರಲ್ಲ. ಹುಳ ಜ್ವರಕ್ಕೆ ಕೂರ್ತಾನೇ ಇಲ್ಲ.”

“ಎಷ್ಟಕ್ಕೆ ಸೆಟ್ ಮಾಡಿದ್ದೀರಿ ಯಜಮಾನ್ರೇ?”

“ಇಪ್ಪತ್ತಾರಕ್ಕೆ. ಒಂದು ಕಮ್ಮಿ ಇಡಬೇಕು ಅಂತ ಪೆಟ್ಟಿಗೆ ಮೇಲೇ ಬರ್ದೈತಲ್ಲ.”

ಥಿನ್ನರಿನಿಂದ ಒರೆಸಿಬಿಡಿ ಎಂದೆ.